ಹಾಲೇಶನ ಬೆಸುಗೆ

ಕರಾವಳಿಯಿಂದ ಬಂದ ಮೊಮ್ಮಗಳು ಮುಖಕ್ಕೆ ಕಟ್ಟಿಕೊಳ್ಳುವ ರಬ್ಬರಿನ ಕನ್ನಡಕವೊಂದನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತುಹಾಕಿದಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು, ಕಡಲ ದಂಡೆಯ ಪಾರ್ಕಿನಿಂದಲೇ ನಡೆದುಕೊಂಡು ಸಮುದ್ರಕ್ಕಿಳಿದಳಂತೆ. ಒದ್ದೆ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈಯಲ್ಲಿದ್ದ ಪತ್ರಿಕೆಯ ಅಕ್ಷರ ಕಾಣದಾಯಿತು. ನಿಮಗೆ ಹೇಳಿಬಿಡುತ್ತೇನೆ, ಅದು ವಯಸ್ಸಿನಿಂದಲ್ಲ.

ಅರವತ್ತರ ದಶಕದ ಒಂದು ಬೇಸಿಗೆ. ಹಾಲೇಶ ಭದ್ರಾವತಿಯ ಕಾರ್ಖಾನೆಯಲ್ಲಿ ಬೆಸುಗೆ ಕೆಲಸದವನು. ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮುಗಿಸಿ ಆ ಕಾರ್ಖಾನೆಯಲ್ಲೇ ಗುಮಾಸ್ತ. ನೀರಿನಡಿ ಉಸಿರಾಡುತ್ತ ನಡೆಯಬೇಕೆಂಬುದು ಅವನ ಹುಚ್ಚು. ಎಣ್ಣೆ ಡಬ್ಬ ಕತ್ತರಿಸಿ ಟೋಪಿ ಮಾಡಿದ, ಮುಂದೆ ಗಾಜು ಕೂರಿಸಿದ, ತೇಲದಂತೆ ಕಬ್ಬಿಣ ಕಟ್ಟಿದ, ಮೇಲೆ ಹಿತ್ತಾಳೆಯ ನಳಿಕೆ ಬೆಸೆದು ರಬ್ಬರ್ ಪೈಪು ಸಿಕ್ಕಿಸಿದ. ಪೈಪಿನ ಇನ್ನೊಂದು ತುದಿಗೆ ಲಾರಿ ಚಕ್ರದ ಪಂಪು. ಅದು ನನ್ನ ಪಾಲಿಗೆ ಬಂತು. ಈಜು ಬಾರದವನಿಗೆ ಬೇರೆ ಯಾವ ಹುದ್ದೆ ಸಿಕ್ಕೀತು?

ಭದ್ರಾ ಹೊಳೆಯಲ್ಲಿ ಇಳಿದರೆ ಕಾರ್ಖಾನೆಯವರು ನಗುತ್ತಾರೆಂದು ಶಿವಮೊಗ್ಗದ ಬಸ್ಸು ಹತ್ತಿದೆವು. ತುಂಗೆಯ ದಂಡೆಯ ಪಾರ್ಕು, ಅದರ ಮೆಟ್ಟಿಲ ಕೆಳಗೆ ಒಂದೂವರೆ ಆಳು ನೀರು.

"ಹಗ್ಗ ಜಗ್ಗಿದ್ರೆ ಮೇಲೆಳಿ. ಪಂಪು ಮಾತ್ರ ಬಿಡ್ಬೇಡ ಮಾರಾಯ, ಆಮೇಲೆ ನನ್ನ ಹೆಂಡ್ತಿಗೆ ನೀನೇ ಅನ್ನ ಹಾಕ್ಬೇಕಾಗುತ್ತೆ" ಎಂದು ನಗುತ್ತ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗದ ತುದಿಯನ್ನು ಮಂಡಿಯಡಿ ಒತ್ತಿಕೊಂಡು ಗಾಳಿ ಹೊಡೆದೆ. ನೀರಿನಲ್ಲಿ ಗುಳ್ಳೆ ಎದ್ದವು.

ಆಗ ನನ್ನ ಹೈಸ್ಕೂಲಿನ ಹೆಡ್‌ಮೇಷ್ಟ್ರು ವಾಕಿಂಗ್ ಬಂದರು. ಮೇಷ್ಟ್ರು ಎದುರಾದಾಗ ಕೂತೇ ಇರುವುದುಂಟೆ? ದಿಗ್ಗನೆ ಎದ್ದು ಎರಡೂ ಕೈ ಮುಗಿದೆ.

"ಏನಯ್ಯಾ ಇದು?"

"ಕೆಳಗಿರೋನಿಗೆ ಗಾಳಿ ಕಳಿಸೋ ಯಂತ್ರ ಸಾರ್." ಗಾಳಿ ಪೈಪಿನಲ್ಲಿ ಹೇಗೆ ಹೋಗುತ್ತದೆ, ಹೇಗೆ ಗುಳ್ಳೆಯಾಗಿ ಹೊರಬೀಳುತ್ತದೆ ಎಂದು, ಪರೀಕ್ಷೆಯಲ್ಲಿ ಎಂದೂ ಬರೆಯದಷ್ಟು ವಿವರವಾಗಿ, ಕೈಕಟ್ಟಿ ನಿಂತು ಒಪ್ಪಿಸಿದೆ.

"ಗುಳ್ಳೆ ಎಲ್ಲಯ್ಯಾ?" ಎಂದರು ಮೇಷ್ಟ್ರು.

ಮೀನು ಹಿಡಿಯುತ್ತಿದ್ದ ಇಬ್ಬರು ಧುಮುಕಿ ಹಾಲೇಶನನ್ನು ಎಳೆದು ತಂದರು. ಮುಖ ನೀಲಿಗಟ್ಟಿತ್ತು. ಉಸಿರು ಬಂದೊಡನೆ ಅವನು ನನ್ನನ್ನು ಕೇಳಿದ: "ಬೆಸುಗೆ ಬಿಡ್ತೇನೋ?"

"ಹೂಂ" ಎಂದೆ.

ಟೋಪಿ ಗುಜರಿಗೆ ಹೋಯಿತು. ಅವನು ಕಾರ್ಖಾನೆಯಲ್ಲಿ ಬೇರೆ ವಿಭಾಗ ಕೇಳಿ ಪಡೆದ. ಮನೆಯ ತೂತು ಬಿಂದಿಗೆಯನ್ನು ಬೆಸೆಯಲೂ ತನ್ನ ಕೈಯನ್ನು ನಂಬಲಿಲ್ಲ. ನಾನೋ, ಆ ಮನೆಯ ಎಲ್ಲ ಹಬ್ಬಕ್ಕೂ ಹೋಗಿ ಹೊಟ್ಟೆತುಂಬ ಉಂಡು ಬಂದೆ.

ಮೊನ್ನೆ ಜನ್ನಾಪುರದ ಅವನ ಮನೆಗೆ ಹೋಗಿ, ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ.

"ಅಂದ್ರೆ ಬೆಸುಗೆ ಬಿಟ್ಟಿರ್ಲಿಲ್ವಾ?"

"ಇಲ್ಲ ಕಣೋ. ಗಟ್ಟಿಯಾಗೇ ಇತ್ತು."

"ಥೂ ನಿನ್ನ!" ಎಂದವನು ಒಳಗೆ ಕೂಗಿದ, "ಗಿರಿಜಾ, ಬಾರೇ ಇಲ್ಲಿ! ಇವನು ಹೇಳೋದು ಕೇಳು."

ಅವನ ಹೆಂಡತಿಯ ಮುಂದೆ ಮತ್ತೆ ಹೇಳಿದೆ. ಪಕ್ಕದ ಮನೆಯವರನ್ನೂ ಕರೆಸಿದ. ಮೂರನೇ ಸಲ ಹೇಳಿದೆ.

"ಇಷ್ಟು ವರ್ಷ ಬಿಂದಿಗೆ ಹೊತ್ಕೊಂಡು ಪೇಟೆಗೆ ಅಲೆದೋಳು ನಾನಲ್ವಾ" ಎಂದು ಗಿರಿಜಮ್ಮ ನನಗೆ ಕಾಫಿ ಕೊಡದೆ ಒಳಗೆ ಹೋದರು. ನ್ಯಾಯವೇ. ಮತ್ತೆ ಹೊರಗೆ ಬಂದಾಗ ಅವರ ಕೈಯಲ್ಲಿ ತೂತು ಬಿದ್ದ ಹಿತ್ತಾಳೆ ಚೊಂಬು. ಗಂಡನ ಮುಂದಿಟ್ಟರು.

ಹಾಲೇಶ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ನಾಳೆ ಬಾ. ಹಿಡ್ಕೊಳ್ಳೋಕೆ ಒಬ್ರು ಬೇಕು. ಯಾವ ಮೇಷ್ಟ್ರು ಬಂದ್ರೂ ಕೈ ಬಿಡ್ಬೇಡ."

ಹೋಗಿದ್ದೆ. ಚೊಂಬು ಸೋರುತ್ತಿಲ್ಲ. ನನ್ನ ಎರಡು ಬೆರಳು ಸುಟ್ಟಿವೆ. ಅಕ್ಷರ ವಕ್ರವಾಗಿದ್ದರೆ ಮನ್ನಿಸಿ.