ಹಿತ್ತಲ ಪೈನ್ ಮರಕ್ಕೆ ಹದಿನೇಳು ಹಗ್ಗ

ಜಪಾನಿನ ಕನಜಾವಾ ಊರಿನ ನಮ್ಮ ಓಣಿಯಲ್ಲಿ ಸೆತ್ಸುಕೊಳ ಬಾಯಿಗೆ ಸಿಕ್ಕದವರಿಲ್ಲ. ಅವಳ ಹಿತ್ತಲಿಗೂ ನನ್ನ ಹಿತ್ತಲಿಗೂ ನಡುವೆ ಇರುವುದು ಸೊಂಟದೆತ್ತರದ ಬಿದಿರುಬೇಲಿ. ನಲವತ್ತು ವರ್ಷದಿಂದ ನನಗೆ ಬೇರೆ ನಾಟಕ ನೋಡುವ ಅಗತ್ಯವೇ ಬಿದ್ದಿಲ್ಲ.

ಎಲೆ ಕೆಂಪಾಗುತ್ತಲೇ ಅವಳಿಗೆ ಹಿತ್ತಲಿನ ಹುಚ್ಚು ಹಿಡಿಯುತ್ತದೆ. ಪಾಚಿಯ ಮೇಲೆ ಬಿದ್ದ ಎಲೆಗಳನ್ನು ಒಂದೊಂದಾಗಿ ಹೆಕ್ಕುತ್ತಾಳೆ, ಕೊಳದ ಕಲ್ಲು ಉಜ್ಜುತ್ತಾಳೆ, ಕೊನೆಗೆ ಪೈನ್ ಮರಕ್ಕೆ ಹಗ್ಗ ಕಟ್ಟಿಸುತ್ತಾಳೆ. ಕಾಂಡದ ಪಕ್ಕ ಬಿದಿರಿನ ಗಳ ನಿಲ್ಲಿಸಿ, ತುದಿಯಿಂದ ಇಳಿದ ಹದಿನೇಳು ಹಗ್ಗಗಳಿಂದ ಕೊಂಬೆಗಳನ್ನು ಎತ್ತಿ ಹಿಡಿಯಬೇಕು. ಇಲ್ಲದಿದ್ದರೆ ನಮ್ಮೂರಿನ ಒದ್ದೆ ಹಿಮದ ಭಾರಕ್ಕೆ ಅವು ಉಳಿಯುವುದಿಲ್ಲ.

ಇಪ್ಪತ್ತೊಂಬತ್ತು ವರ್ಷದಿಂದ ಆ ಕೆಲಸ ತೋಟಗಾರ ಕಮೆಜಿಯದು. ಅವನಿಗೆ ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಚಹಾ ಕೊಡುವುದು ಮನೆಯವರ ಧರ್ಮ. ಸೆತ್ಸುಕೊ ಚಹಾದ ಜೊತೆಗೆ ತೀರ್ಪನ್ನೂ ಕೊಡುತ್ತಿದ್ದಳು. ಕೆಲಸ ಮೆಚ್ಚುಗೆಯಾದರೆ ಹೂರಣದ ಸಿಹಿ, ಇಲ್ಲದಿದ್ದರೆ ಒಣ ಅಕ್ಕಿಬಿಲ್ಲೆ.

"ಈ ಗಂಟು ಕಣ್ಮುಚ್ಕೊಂಡು ಹಾಕಿದ್ರಾ? ಅದೇನು ಹಗ್ಗಾನೋ ಜೋಕಾಲಿನೋ? ಬಿಗೀರಿ!"

"ಆಗ್ಲಿ ಅಮ್ಮಾವ್ರೇ," ಎಂದು ಅವನು ಬಿಗಿಯುತ್ತಿದ್ದ.

ಈ ಸಲ ನವೆಂಬರಿನಲ್ಲಿ ಕಮೆಜಿ ಕೋಲೂರಿಕೊಂಡು ಬಂದ.

"ಮಂಡಿ ಹೋಯ್ತು ಅಮ್ಮಾವ್ರೇ. ಡಾಕ್ಟ್ರು ಏಣಿ ಮುಟ್ಬೇಡ ಅಂದ್ರು. ಬೇರೆ ತೋಟದವ್ರು ಯಾರಿಗೂ ಪುರುಸೊತ್ತಿಲ್ಲ. ಕೊಳದ ಮೇಲೆ ಚಾಚಿದ್ಯಲ್ಲ, ಆ ಉದ್ದ ಕೊಂಬೆ ಈ ಸಲ ಉಳಿಯಲ್ಲ. ಮುರಿದ್ರೆ ಕಾಂಡಾನೂ ಸೀಳುತ್ತೆ. ಈಗ್ಲೇ ಕುಯ್ಸಿಬಿಡಿ."

"ಮೊದ್ಲು ನಿಮ್ ಕಾಲು ಕುಯ್ಸ್ಕೊಳ್ಳಿ!"

ಆ ಸಿಟ್ಟಿನ ಮೂಲ ನನಗೆ ಗೊತ್ತು. ಮದುವೆಯಾಗಿ ಬಂದ ಮೊದಲ ಚಳಿಗಾಲ, ಅತ್ತೆಯ ಮಾತು ತಡೆಯಲಾರದೆ ಅವಳು ಆ ಕೊಂಬೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಅಳುತ್ತಿದ್ದಳು. ನಾನು ಬೇಲಿಯ ಮೇಲಿಂದ ಒಣಗಿಸಿದ ಪರ್ಸಿಮನ್ ಹಣ್ಣು ಚಾಚಿದ್ದೆ. ನಮ್ಮ ಸ್ನೇಹ ಶುರುವಾಗಿದ್ದೇ ಹಾಗೆ. ಆ ಕೊಂಬೆ ಅವಳಿಗೆ ತವರುಮನೆ.

ಮರುದಿನ ಬೆಳಿಗ್ಗೆ ಅರವತ್ತೆಂಟರ ಸೆತ್ಸುಕೊ ಗಂಡನ ಹಳೆಯ ಪ್ಯಾಂಟು ತೊಟ್ಟು, ಹಗ್ಗ ತಾನೇ ಕಟ್ಟುತ್ತೇನೆಂದು ಹಿತ್ತಲಿಗಿಳಿದಳು. ಗಳ ಎತ್ತಲು ನನ್ನನ್ನೂ ಎಳೆದಳು. ನನ್ನ ಸೊಂಟ ಅವಳನ್ನು ಇನ್ನೂ ಕ್ಷಮಿಸಿಲ್ಲ. ಕೆಲಸ ನೋಡಲು ಬಂದ ಕಮೆಜಿ ಜಗಲಿಯ ಮೇಲೆ ಕಾಲು ಚಾಚಿ ಕೂತ. ಹತ್ತು ಗಂಟೆಗೆ ಅವನೇ ಕುಂಟುತ್ತ ಹೋಗಿ ಚಹಾ ತಂದ. ತಟ್ಟೆಯಲ್ಲಿ ಅಕ್ಕಿಬಿಲ್ಲೆ.

"ಏನ್ರೀ ಇದು?"

"ಈ ಗಂಟು ಕಣ್ಮುಚ್ಕೊಂಡು ಹಾಕಿದ್ರಾ ಅಮ್ಮಾವ್ರೇ?"

ಗಳ ನಿಲ್ಲಿಸಿ ಬೇಲಿಯ ಈಚೆ ಮರಳಿದ್ದ ನಾನು ನಕ್ಕು ನಕ್ಕು ನೆಲಕ್ಕೆ ಕೂತೆ. ಸೆತ್ಸುಕೊ ಹಲ್ಲು ಕಚ್ಚಿ ಉಳಿದದ್ದನ್ನೆಲ್ಲ ಕಟ್ಟಿದಳು. ಉದ್ದ ಕೊಂಬೆಯ ಹಗ್ಗವನ್ನಂತೂ ಜೀವ ಹಿಂಡುವ ಹಾಗೆ ಬಿಗಿದಳು. ಮೂರು ಗಂಟೆಗೆ ತಟ್ಟೆ ಬಂತು. ಮತ್ತೆ ಅಕ್ಕಿಬಿಲ್ಲೆ!

"ಇನ್ನೆಷ್ಟ್ ಬಿಗೀಲಿ? ನನ್ ಕೈಯೇ ಕಿತ್ತು ಬರುತ್ತೆ!"

"ಬಿಗಿದದ್ದೇ ತಪ್ಪು. ಹಿಮ ಬಿದ್ದಾಗ ಕೊಂಬೆ ಒಂಚೂರು ಬಾಗ್ಬೇಕು. ಬಾಗಕ್ಕೆ ಬಿಡದಿದ್ರೆ ಮುರಿಯುತ್ತೆ."

"ಮತ್ತೆ ಇಷ್ಟ್ ವರ್ಷ ನಾನ್ ಬಿಗಿ ಅಂದಾಗೆಲ್ಲ ಬಿಗಿದ್ರಲ್ಲ?"

ಕಮೆಜಿ ಚಹಾ ಬಟ್ಟಲಿನೊಳಗೆ ಇಣುಕಿದ. "ನೀವು ಬಟ್ಲು ತೊಳ್ಯಕ್ಕೆ ಒಳಗ್ ಹೋಗ್ತಿದ್ರಲ್ಲ, ಆವಾಗ ಸಡ್ಲ ಮಾಡ್ತಿದ್ದೆ."

"ಎಷ್ಟ್ ಹಗ್ಗ?"

"ಹದಿನೇಳೂ."

"ಸುಳ್ಳು ಹೇಳಿ ನನ್ ಸಿಹಿ ತಿಂದ್ರಾ?"

"ಸುಳ್ಳೆಲ್ಲಿ ಹೇಳ್ದೆ? ಬಿಗಿ ಅಂದ್ರಿ, ಬಿಗಿದೆ. ಆಮೇಲೆ ಸಡ್ಲ ಮಾಡ್ಬೇಡ ಅಂತ ನೀವ್ ಯಾವತ್ತೂ ಅನ್ಲಿಲ್ಲ."

ಸೆತ್ಸುಕೊ ತಟ್ಟೆಯ ಅಕ್ಕಿಬಿಲ್ಲೆಯನ್ನು ಕಟಕಟನೆ ಕಡಿದು ಮುಗಿಸಿದಳು. ಮತ್ತೆ ಏಣಿ ಹತ್ತಿ ಹದಿನೇಳನ್ನೂ ಸಡಿಲಿಸಿದಳು.

ಡಿಸೆಂಬರಿನಲ್ಲಿ, ನಮ್ಮೂರಿಗೆ ಹಿಮ ಕರೆತರುವ ಗುಡುಗು ಬಂತು, ಹಿಂದೆಯೇ ಎರಡು ದಿನ ಹಿಮ. ಮೂರನೆಯ ಬೆಳಿಗ್ಗೆ ನಾನು ಬೇಲಿಗೆ ಓಡಿದೆ. ಉದ್ದ ಕೊಂಬೆ ಕೊಳದ ನೀರು ಮುಟ್ಟುವಷ್ಟು ಬಾಗಿತ್ತು. ಸೆತ್ಸುಕೊ ಕೊಳದ ಅಂಚಿನಲ್ಲಿ ನಿಂತಿದ್ದಳು. ಇನ್ನೇನು ಹೋಯಿತು ಅನ್ನುವಾಗ ಹಿಮ ಧೊಪ್ಪನೆ ಜಾರಿ ಬಿತ್ತು, ಕೊಂಬೆ ಮೇಲೆದ್ದಿತು. ಅವಳು ಗೊಳೋ ಎಂದು ಅತ್ತಳು, ಆ ಮೊದಲ ಚಳಿಗಾಲದ ಹಾಗೆ. ನನಗೂ ಅಳು ತಡೆಯಲಾಗಲಿಲ್ಲ. ಒಳಗೆ ಹೋಗಿ ಒಂದು ಒಣ ಪರ್ಸಿಮನ್ ತಂದು ಬೇಲಿಯ ಮೇಲಿಂದ ಚಾಚಿದೆ.

ಅದನ್ನು ಜಗಿಯುತ್ತಲೇ ಅವಳು ಫೋನ್ ಹಿಡಿದಳು.

"ಕಮೆಜಿ, ಕೊಂಬೆ ಇದೆ. ಸಿಹಿ ತರ್ತಿದೀನಿ, ಪೂರ್ತಿ ಡಬ್ಬಿ." ಮೂಗು ಒರೆಸಿಕೊಂಡಳು. "ಆದ್ರೆ ಆ ಹದಿನೇಳನೇ ಹಗ್ಗ ಇನ್ನೂ ಒಂಚೂರು ಸಡ್ಲ ಇರ್ಬೇಕಿತ್ತು ಕಣ್ರೀ. ಜಗಲಿ ಮೇಲೆ ಕೂತು ನೀವ್ ಸರಿಯಾಗ್ ನೋಡ್ಲೇ ಇಲ್ಲ."