ಭುಜ ಬಿಡಿಸುವ ದುರ್ಗಾ

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ದುರ್ಗಾ ದಿನಕ್ಕೆ ಹನ್ನೆರಡು ಹದಿಮೂರು ಮಂದಿಯ ಮೈಮೇಲೆ ಕೈಯಿಡುತ್ತಿದ್ದಳು. ಅವರಲ್ಲಿ ಒಬ್ಬರ ಬುದ್ಧಿಯ ಬಗ್ಗೆಯೂ ಅವಳಿಗೆ ಗೌರವವಿರಲಿಲ್ಲ. ಮಂಡಿ ನೋವೆಂದು ಬಂದವರು ಮೊದಲು ಎಣ್ಣೆ ಯಾವುದು ಎಂದು ಕೇಳುತ್ತಿದ್ದರು. ಕುತ್ತಿಗೆ ಹಿಡಿದವರು, "ಒಮ್ಮೆ ಕಟ್ ಅನಿಸಿಬಿಡ್ರಿ" ಎಂದು ಗೋಣು ಚಾಚಿಕೊಂಡೇ ಒಳಗೆ ಬರುತ್ತಿದ್ದರು. ಸಪ್ಪಳವಿಲ್ಲದ ಕೆಲಸಕ್ಕೆ ಈ ಸೀಮೆಯಲ್ಲಿ ಕಿಮ್ಮತ್ತಿಲ್ಲವೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಸ್ವತಃ ಸಪ್ಪಳ ಮಾಡದೆ ಕೆಲಸ ಮಾಡುವವಳಾದ್ದರಿಂದ ಈ ತೀರ್ಮಾನ ಅವಳಿಗೆ ಒಂದು ಬಗೆಯ ಸುಖವನ್ನೂ ಕೊಡುತ್ತಿತ್ತು.

ಅವಳ ಊರು ರಾಮದುರ್ಗ ತಾಲೂಕಿನ ಕಟಕೋಳ. ಸಾಲೆಯ ಎರಿಮಣ್ಣಿನ ಮೈದಾನದಲ್ಲಿ ವಾಲಿಬಾಲ್ ಆಡಿ ಬೆಳೆದವಳು. ಕುಳ್ಳಗಿದ್ದಳೆಂದು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ಎದುರಾಳಿ ಬಡಿದ ಚೆಂಡು ನೆಲ ಮುಟ್ಟದಂತೆ ಬಿದ್ದು ಎದ್ದು ಎತ್ತಿಕೊಡುವುದು ಅವಳ ಪಾಲಿಗೆ ಬಂದ ಕೆಲಸ. ಎತ್ತಿದವಳನ್ನು ಯಾರೂ ನೋಡುತ್ತಿರಲಿಲ್ಲ. ನೆಟ್ಟಿನ ಬಳಿ ಹಾರಿ ಬಡಿದವಳಿಗೆ ಸಿಳ್ಳೆ, ಚಪ್ಪಾಳೆ, ಕೊರಳಿಗೆ ಮಾಲೆ. ಹಾರಿ ಬಡಿಯುವವರ ಬಗ್ಗೆ ದುರ್ಗಾಳ ತಾತ್ಸಾರ ಅಲ್ಲಿಂದ ಶುರುವಾದದ್ದು, ಬೆಳಗಾವಿಯಲ್ಲಿ ಫಿಜಿಯೋಥೆರಪಿ ಓದಿದ ಮೇಲೆ ಉಳಿದವರೆಲ್ಲರ ಮೇಲೂ ಹಬ್ಬಿತು. ಅವಳ ತಾಯಿ ಲಗಮವ್ವ ಮಗಳನ್ನು ಚೆನ್ನಾಗಿ ಬಲ್ಲವಳು.

"ಊರಿಗೊಬ್ಬಾಕಿ ಪದ್ಮಾವತಿ ನೋಡ ನೀನು" ಎನ್ನುತ್ತಿದ್ದಳು ಲಗಮವ್ವ. "ಮಂದಿ ಕಂಡ್ರ ಮೂಗ ಮುರಿಯೂದ ಬಿಡಲಿಲ್ಲಂದ್ರ, ಒಂದಿನ ಅದು ಮುರದ ಕೈಯಾಗ ಬರತೈತಿ."

ಮೂಗು ಹೇಗಾದರೂ ಇರಲಿ, ದುರ್ಗಾಳ ಕೈ ಮಾತ್ರ ಒಳ್ಳೆಯದು. ಕಿತ್ತೂರು, ಸವದತ್ತಿಗಳಿಂದ ಆಟಗಾರರು ಬಸ್ಸು ಹತ್ತಿ ಬರುತ್ತಿದ್ದುದು ಆ ಕೈಗಾಗಿ. ಅವಳು ಮಾಡುತ್ತಿದ್ದುದಕ್ಕೆ ಮಯೋಫೇಶಿಯಲ್ ರಿಲೀಸ್ ಎಂದು ಹೆಸರು. ಹೆಸರು ಕೇಳಿ ಹೆದರುವಂಥದ್ದೇನೂ ಇಲ್ಲ. ಕಿತ್ತಳೆ ತೊಳೆಯ ಮೇಲೆ ತೆಳ್ಳನೆಯ ಪೊರೆ ಇರುತ್ತದಲ್ಲ, ನಮ್ಮ ಸ್ನಾಯುಗಳ ಮೇಲೂ ಅಂಥದೊಂದು ಪೊರೆಯಿದೆ. ದಿನಕ್ಕೆ ನೂರಿನ್ನೂರು ಸಲ ಕೈಯೆತ್ತಿ ಚೆಂಡು ಬಡಿಯುವವರಿಗೆ ಅದು ಎದೆಯ ಮಗ್ಗುಲಲ್ಲಿ, ಕಂಕುಳ ಹಿಂದೆ ಬಿಗಿದುಕೊಳ್ಳುತ್ತದೆ. ಕೈ ಕಿವಿಯ ಹತ್ತಿರ ಬರುವುದಿಲ್ಲ. ಅಲ್ಲಿ ಬೆರಳೂರಿ, ಗುದ್ದದೆ, ತಿಕ್ಕದೆ, ಒಂದೂವರೆ ಎರಡು ನಿಮಿಷ ತಾಳ್ಮೆಯಿಂದ ಹಿಡಿದಿದ್ದರೆ ಬಿಗಿ ತಾನಾಗಿ ಸಡಿಲುತ್ತದೆ. ಆಗ ಕೈ ಮೇಲೇಳುತ್ತದೆ. ಆದರೆ ಕೈಗೆ ಬಲ ಬರುವುದಿಲ್ಲ. ಬಲಕ್ಕೆ ವಾರಗಟ್ಟಲೆ ರಬ್ಬರ್ ಪಟ್ಟಿ ಎಳೆದು ಬೇರೆಯೇ ಸಾಧನೆ ಮಾಡಬೇಕು. ಅಲ್ಲಿಯವರೆಗೆ ಚೆಂಡು ಬಡಿಯಬಾರದು.

ಇಷ್ಟು ಹೇಳಿದರೆ ಐದನೇ ಇಯತ್ತೆಯ ಮಗುವಿಗೂ ತಿಳಿದೀತು. ಕೋಣೆ ತೆರೆದ ಮೊದಲ ವರ್ಷ ದುರ್ಗಾ ಬಂದವರಿಗೆಲ್ಲ ಕೂರಿಸಿಕೊಂಡು ಹೇಳಿದಳು. ಅವರು ಹ್ಞೂಂ ಹ್ಞೂಂ ಎಂದು ತಲೆಯಾಡಿಸಿ, ಎಲ್ಲ ಮುಗಿದ ಮೇಲೆ, "ಗುಳಿಗಿ ಊಟಕ್ಕ ಮೊದಲೋ ಆಮ್ಯಾಲೋ?" ಎನ್ನುತ್ತಿದ್ದರು. ಅವಳು ಯಾರಿಗೂ ಗುಳಿಗೆ ಕೊಟ್ಟವಳೇ ಅಲ್ಲ. ಎರಡನೇ ವರ್ಷ ಅವಳ ಮಾತು ಅರ್ಧಕ್ಕಿಳಿಯಿತು. ಈ ಮೂರನೇ ವರ್ಷ, ಮುಖ ನೋಡಿ ಅಳೆದು, ತಿಳಿಯುವಂತೆ ಕಂಡವರಿಗಷ್ಟೇ ಹೇಳುತ್ತಿದ್ದಳು. ಅಂಥ ಮುಖಗಳು ತಿಂಗಳಿಗೆ ಒಂದೋ ಎರಡೋ ಬರುತ್ತಿದ್ದವು.

ದೊಡವಾಡದ ಶಂಕರೆಪ್ಪನ ಮುಖ ಅಂಥದ್ದಾಗಿರಲಿಲ್ಲ. ಐವತ್ತು ದಾಟಿದ ಆಳು. ಕಬ್ಬಿನ ಟ್ರ್ಯಾಲಿ ರಿಪೇರಿ ಮಾಡುವ ವರ್ಕ್‌ಶಾಪಿನವನು. ಊರಿನ ವಾಲಿಬಾಲ್ ಟೀಮಿಗೆ ತಾನೇ ಕೋಚ್, ತಾನೇ ಮ್ಯಾನೇಜರ್, ತಾನೇ ಸರ್ವಸ್ವ. ಚೆಂಡನ್ನು ಜೀವನದಲ್ಲಿ ಒಮ್ಮೆಯೂ ನೆಟ್ಟಿನಾಚೆ ದಾಟಿಸಿದವನಲ್ಲ, ಕೊರಳಲ್ಲಿ ಸೀಟಿ ಮಾತ್ರ ಸದಾ ನೇತಾಡುತ್ತಿತ್ತು. ಒಂದು ಗುರುವಾರ ಅವನು ತನ್ನ ಟೀಮಿನಲ್ಲಿ ಹಾರಿ ಬಡಿಯುವ ಅಟ್ಯಾಕರ್ ಪರಶುನನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದ. ಪರಶು ಇಪ್ಪತ್ತೈದರ ಎತ್ತರದ ಹುಡುಗ, ಮನೆಗಳಿಗೆ ಬಣ್ಣ ಹೊಡೆಯುವವನು. ಬಲಗೈ ಎದೆಯ ಮಟ್ಟ ದಾಟುವಷ್ಟರಲ್ಲಿ ಅವನು ಮುಖ ಕಿವುಚುತ್ತಿದ್ದ.

"ಆಯಿತವಾರ ಕಿತ್ತೂರಾಗ ಫೈನಲ್ ಐತ್ರಿ ಮೇಡಂ" ಎಂದ ಶಂಕರೆಪ್ಪ. "ಹ್ಯಾಂಗರ ಮಾಡಿ ಇವನ ಕೈ ಒಂದ ಮ್ಯಾಲ ಎಬ್ಬಸ್ರಿ. ನಾನೂ ಭಾಳ ಉಪಾಯ ಮಾಡೀನ್ರಿ. ಗಡಗಡ ಅನ್ನೂ ಮಸಾಜ್ ಮಷಿನ್ ತರಿಸಿ ದಿನಾ ಅರ್ಧ ತಾಸ ಭುಜಕ್ಕ ಹಿಡದೀನಿ."

"ಭುಜದಾಗ ಎಲ್ಲಿ ಹಿಡದ್ರಿ?"

"ಇಲ್ಲೇರಿ, ಎಲುವಿನ ಮ್ಯಾಲ. ಅಲ್ಲೇ ನೋವೈತಿ ಅಂದ. ಅಲ್ಲೇ ಹಿಡದೆ."

ಎಲುಬಿನ ಮೇಲೆ! ಚರ್ಮ ಕಪ್ಪಿಟ್ಟಿತ್ತು. ದುರ್ಗಾಳಿಗೆ ನಗು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆನ್ನುವ ಈ ಗಂಡಸು, ಸಾಲದ್ದಕ್ಕೆ ಆ ಮಷಿನ್ನನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದ, ಮೇಡಂ ನೋಡಿ ಮೆಚ್ಚಲಿ ಎಂದು.

ಅವಳು ಪರಶುನನ್ನು ಮಲಗಿಸಿದಳು. ಹೆಣ್ಣುಮಗಳು ಕಂಕುಳಿಗೆ ಕೈ ಹಾಕಿದಳೆಂದು ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡ. ಆರಡಿ ಎತ್ತರ ಬೆಳೆದದ್ದೆಲ್ಲ ದಂಡ ಎಂದುಕೊಂಡಳು ದುರ್ಗಾ. "ಉಸರ ಬಿಡು. ಹಿಡಕೋಬ್ಯಾಡ" ಎಂದು ಗದರಿದಳು. ಎದೆಯ ಮಗ್ಗುಲಲ್ಲಿ ಬೆರಳೂರಿ ಹಿಡಿದಳು. ಆಮೇಲೆ ಕಂಕುಳ ಹಿಂದೆ. ಆಮೇಲೆ ಬೆನ್ನಿನ ರೆಕ್ಕೆಯೆಲುಬಿನ ಅಂಚಿನಲ್ಲಿ. ಶಂಕರೆಪ್ಪ ಬಾಗಿಲಲ್ಲಿ ನಿಂತು, ಇದೇನು ಬರೀ ಕೈಯಿಟ್ಟುಕೊಂಡು ಕೂತಿದ್ದಾಳೆ ಎಂಬಂತೆ ನೋಡುತ್ತಿದ್ದ. ನಲವತ್ತು ನಿಮಿಷದ ನಂತರ ಪರಶು ಎದ್ದು ಕುಳಿತು ಕೈಯೆತ್ತಿದ. ಕೈ ನೇರ ಹೋಗಿ ಕಿವಿಗೆ ತಾಗಿತು. ಹುಡುಗನ ಬಾಯಿ ತೆರೆದೇ ಉಳಿಯಿತು.

ಆದರೆ ಅವನ ಎತ್ತಿದ ಕೈಯನ್ನು ದುರ್ಗಾ ಎರಡು ಬೆರಳಿಂದ ಕೆಳಕ್ಕೆ ಒತ್ತಿದಾಗ ಅದು ತಡೆಯದೆ ಕುಸಿಯಿತು. ಅವಳಿಗೆ ಆ ಕ್ಷಣವೇ ತಿಳಿಯಿತು. ಭುಜವನ್ನು ಒಳಗಿಂದ ಹಿಡಿದಿಡುವ ಸಣ್ಣ ಸ್ನಾಯುಗಳು ಸೋತಿದ್ದವು. ಅವು ಹರಿಯದಂತೆ ಇಷ್ಟು ದಿನ ಕಾದದ್ದೇ ಆ ಬಿಗಿ. ಈಗ ಬಿಗಿ ಹೋಗಿತ್ತು. ಈ ಕೈಯಿಂದ ಆರು ವಾರ ಚೆಂಡು ಬಡಿಯುವಂತಿರಲಿಲ್ಲ, ಕಿತ್ತೂರಿನ ಫೈನಲ್ ಇರಲಿ, ಯಾವ ಫೈನಲ್ಲೇ ಇರಲಿ. ಬಡಿದರೆ ಆಟವೂ ಹೋಗುತ್ತದೆ, ಬಣ್ಣ ಹೊಡೆಯುವ ಅನ್ನವೂ ಹೋಗುತ್ತದೆ. ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಶಂಕರೆಪ್ಪ ಮೊಬೈಲ್ ತೆಗೆದು ಆ ಎತ್ತಿದ ಕೈಯ ವಿಡಿಯೋ ಹಿಡಿಯತೊಡಗಿದ. "ಭಲೇ! ಪವರ್ ಎಷ್ಟ ಬಂದಿರಬಹುದ್ರಿ ಮೇಡಂ? ಡಬಲ್ ಬಂದಿರಬೇಕಲ್ರಿ?" ಎಂದು ಕೇಳಿದ.

ದುರ್ಗಾ ಅವನನ್ನು ನೋಡಿದಳು. ಸೀಟಿ, ಮಷಿನ್ನು, ಮೊಬೈಲು, ಹಲ್ಲು. ಇವನಿಗೆ ಸ್ನಾಯು, ಬಿಗಿ, ಬಲ ಎಂದು ಬಿಡಿಸಿ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಬಾರಿಸಿ ಬಾರಿಸಿ ಅವಳಿಗೆ ಸಾಕಾಗಿತ್ತು. ಹುಡುಗನಾದರೂ ಕೇಳುವವನೇ? ಅವನು ತನ್ನದೇ ಕೈಯನ್ನು ಮೇಲೆ ಕೆಳಗೆ ಮಾಡುತ್ತ ಹಲ್ಲು ಕಿರಿಯುತ್ತಿದ್ದ.

"ಸೋಮವಾರ ಕರಕೊಂಡ ಬರ್ರಿ" ಎಂದಷ್ಟೇ ಹೇಳಿ ಅವಳು ಕೈ ತೊಳೆಯಲು ಹೋದಳು.

ಅವರು ಸೋಮವಾರ ಬರಲಿಲ್ಲ, ಶನಿವಾರವೇ ಬಂದರು. ಪರಶುನ ಬಲಗೈ ಟವೆಲಿನ ಜೋಳಿಗೆಯಲ್ಲಿ ತೂಗುಬಿದ್ದಿತ್ತು. ಶಂಕರೆಪ್ಪನ ಕೊರಳಲ್ಲಿ ಸೀಟಿ ಇರಲಿಲ್ಲ. ನಡೆದದ್ದನ್ನು ಅವನೇ ಹೇಳಿದ. ಅವನ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ. ರಿಪೇರಿಯಾದ ಟ್ರ್ಯಾಲಿಯನ್ನು ಹಾಗೇ ಒಪ್ಪಿಸುವುದಿಲ್ಲ; ತುಂಬ ಕಲ್ಲು ಹೇರಿ ಊರಿನ ಸುತ್ತ ಒಂದು ಸುತ್ತು ಎಳೆಸಿ, ಅಚ್ಚು ತಡೆದರೆ ಮಾತ್ರ ಮಾಲೀಕನ ಕೈಗೆ. ಇಪ್ಪತ್ತು ವರ್ಷದಲ್ಲಿ ಅವನು ಕಟ್ಟಿದ ಅಚ್ಚು ದಾರಿಯಲ್ಲಿ ಮುರಿದದ್ದಿಲ್ಲ. ಅದೇ ಲೆಕ್ಕದಲ್ಲಿ ಶುಕ್ರವಾರ ಬೆಳಿಗ್ಗೆ ಪರಶುನನ್ನು ನೆಟ್ಟಿನ ಮುಂದೆ ನಿಲ್ಲಿಸಿ, ಫೈನಲ್ಲಿಗೆ ಮೊದಲೇ ಪರೀಕ್ಷೆಯಾಗಲೆಂದು, ಇನ್ನೂರು ಚೆಂಡು ಪೂರ್ತಿ ಜೋರಿನಲ್ಲಿ ಬಡಿಸಿದ್ದ. ನೂರ ಅರವತ್ತರ ಸುಮಾರಿಗೆ ಭುಜದಲ್ಲಿ ಏನೋ ಪಟಕ್ಕೆಂದಿತ್ತು.

ಕೇಳುತ್ತ ಕೇಳುತ್ತ ದುರ್ಗಾಳ ಮೈ ಉರಿಯಿತು. ಮನುಷ್ಯನ ಭುಜವೇನು ಕಬ್ಬಿನ ಟ್ರ್ಯಾಲಿಯೇ? ಎಂಥ ಮೂರ್ಖರು! ಬಾಯಿ ತುಂಬ ಬಯ್ಗುಳ ತುಂಬಿಕೊಂಡು ಪರಶುನ ಭುಜ ಮುಟ್ಟಿದಳು. ಕೈಯನ್ನು ಅಡ್ಡಕ್ಕೆ ಎತ್ತಿಸಿ ಬಿಟ್ಟಳು. ಅದು ಕಲ್ಲಿನಂತೆ ಕೆಳಗೆ ಬಿತ್ತು. ಸ್ನಾಯು ಹರಿದಿತ್ತು. ಸ್ಕ್ಯಾನು, ಆಪರೇಷನ್ನು, ವರ್ಷವಿಡೀ ಕೈ ಕಟ್ಟಿ ಕೂರುವುದು. ಮತ್ತೆ ಚಾವಣಿಗೆ ಬಣ್ಣ ಹೊಡೆಯಲು ಈ ಕೈ ಏಳುತ್ತದೆಂದು ಅವಳು ಪ್ರಮಾಣ ಮಾಡಿ ಹೇಳಲಾರಳು. ಆ ಕೈಯನ್ನು ಮೆಲ್ಲಗೆ ಮತ್ತೆ ಜೋಳಿಗೆಗೆ ಸೇರಿಸಿದಳು.

"ನೀವು ಬಯ್ಯೂಕಿಂತ ಮೊದಲ ನಾನ ಹೇಳತೇನ್ರಿ ಮೇಡಂ" ಎಂದ ಶಂಕರೆಪ್ಪ. ಅವನ ದನಿ ಸಣ್ಣಗಾಗಿತ್ತು. "ತಪ್ಪ ನಂದು. ಬಡೀಬ್ಯಾಡ ಅಂತ ನೀವು ಹೇಳೇ ಹೇಳಿರತೀರಿ. ಕಲತವರು, ಹೇಳಲಾರದ ಹ್ಯಾಂಗ ಬಿಡತೀರಿ? ನಾ ಆ ಹಾಳ ವಿಡಿಯೋ ಹಿಡಿಯೂದರಾಗ ಇದ್ನಿ. ಕಿವಿಗಿ ಬೀಳಲಿಲ್ಲ. ಊರಾಗೂ ಹಂಗ ಹೇಳೀನ್ರಿ, ಮೇಡಂದ ಏನೂ ತಪ್ಪಿಲ್ಲ ಅಂತ."

ದುರ್ಗಾ ಪರಶುನ ಕಡೆ ನೋಡಿದಳು. ಗುರುವಾರ ಅವನು ಅಲ್ಲೇ ಕುಳಿತು ಎಲ್ಲ ಕೇಳಿಸಿಕೊಂಡವನು. ಅವಳೇನು ಹೇಳಿದ್ದಳು, ಏನು ಹೇಳಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನು ನೆಲ ನೋಡುತ್ತ, "ಹೌದ ಕಾಕಾ, ಮೇಡಂ ಹೇಳಿದ್ರು. ನಾನ ಲಕ್ಷ್ಯ ಕೊಡಲಿಲ್ಲ" ಎಂದ.

ಮೂರ್ಖ ಎಂದು ಅವಳು ಅಳೆದಿದ್ದ ಹುಡುಗ, ಕೈ ಕಳೆದುಕೊಂಡು ಕೂತಲ್ಲಿಂದ, ಅವಳ ಮಾನ ಕಾಯುತ್ತಿದ್ದ. ದುರ್ಗಾಳ ಕೆನ್ನೆಗೆ ಹೊಡೆದಂತಾಯಿತು. ಒಂದು ಹ್ಞೂಂ ಅಂದರೆ ಸಾಕಿತ್ತು. ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು, ಬೈಲಹೊಂಗಲದಲ್ಲಿ ಅವಳ ಹೆಸರು ಹಾಗೇ ಉಳಿಯುತ್ತಿತ್ತು. ಅವಳು ಕುರ್ಚಿ ಎಳೆದುಕೊಂಡು ಕುಳಿತಳು.

"ಇಲ್ರಿ. ನಾ ಹೇಳಿಲ್ಲ" ಎಂದಳು. "ಬಡದ್ರ ಹರೀತೈತಿ ಅಂತ ಅವತ್ತ ನನಗ ಗೊತ್ತಿತ್ತು. ಸೋಮವಾರ ಬರ್ರಿ ಅಂದೆ, ಅಷ್ಟ."

ಶಂಕರೆಪ್ಪ ಅವಳನ್ನೂ ಪರಶುನನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದ. ಕೆಳಗೆ ಸವದತ್ತಿ ಬಸ್ಸಿನ ಕಂಡಕ್ಟರ್ ಕೂಗಿಕೊಳ್ಳುತ್ತಿದ್ದ.

"ಯಾಕ್ರಿ ಹೇಳಲಿಲ್ಲ?"

"ನಿಮಗ ತಿಳಿಯೂದಿಲ್ಲ ಅಂದ್ಕೊಂಡೆ."

ಅವನು ಕೂಗಾಡುತ್ತಾನೆಂದು ದುರ್ಗಾ ಕಾದಳು. ಕೂಗಾಡಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಬಗ್ಗಿ ಪರಶುನ ಚಪ್ಪಲಿಗಳನ್ನು ಅವನ ಕಾಲ ಮುಂದೆ ಸರಿಸಿಟ್ಟ, ಜಾರಿದ ಟವೆಲನ್ನು ಹೆಗಲ ಮೇಲೆ ಸರಿಪಡಿಸಿದ, ಎಡಗೈ ಹಿಡಿದು ಎಬ್ಬಿಸಿದ.

"ಬಡೀಬ್ಯಾಡ ಅನ್ನೂದ ತಿಳಿಯಾಕ ಎಷ್ಟ ಸಾಲಿ ಕಲೀಬೇಕ್ರಿ ಮೇಡಂ?" ಎಂದು ಕೇಳಿ, ಹುಡುಗನನ್ನು ಮೆಲ್ಲಗೆ ಮೆಟ್ಟಿಲು ಇಳಿಸತೊಡಗಿದ.