ಫತೇಗಂಜಿನಲ್ಲಿ ಕೊಡದ ಕೀಲಿ

ನನ್ನ ನಾಲಿಗೆಯ ದೆಸೆಯಿಂದ ಅಪ್ಪನ ಸ್ಕೂಟರ್ ಠಾಣೆ ಸೇರಿತು ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಕೇಳಿದವರು ನಗುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಅದರಲ್ಲಿ ಪೊಲೀಸನೇ ಇಲ್ಲ. ಸ್ಕೂಟರ್ ತಾನಾಗಿ ಉರುಳಿಕೊಂಡು ಹೋಯಿತೇ?

ತೊಂಬತ್ತರ ದಶಕದ ನಡುವೆ ನಾನು ವಡೋದರಾದಲ್ಲಿ ಕಾನೂನು ಓದುತ್ತಿದ್ದೆ. ಧಾರವಾಡದ ಕಡೆಯಿಂದ ಬ್ಯಾಂಕಿನ ವರ್ಗದ ಮೇಲೆ ಬಂದ ನಮ್ಮಂಥವರಲ್ಲಿ ಒಂದು ರೂಢಿಯಿತ್ತು: ಹೊಸಬರ ಸಾಮಾನಿನ ಲಾರಿ ಬಂದು ಗ್ರೈಂಡರ್ ಇಳಿಯುವ ತನಕ ಹಳಬರು ದೋಸೆ ಹಿಟ್ಟು ಕಳಿಸಬೇಕು. ಆ ಮೇ ತಿಂಗಳ ಬೆಳಿಗ್ಗೆ ಅವ್ವ ಕೊಟ್ಟ ಹಿಟ್ಟಿನ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡು ಅಪ್ಪನ ಸ್ಕೂಟರಿನಲ್ಲಿ ಅಂಥ ಹೊಸಬರೊಬ್ಬರ ಮನೆಗೆ ಹೊರಟವಳನ್ನು ಫತೇಗಂಜಿನ ತಿರುವಿನಲ್ಲಿ ಒಬ್ಬ ಪೇದೆ ತಡೆದ. ಹಿಟ್ಟು ಉಕ್ಕಿ ಮುಚ್ಚಳದಂಚಿಗೆ ಬಂದಿತ್ತು. ಮೂಸಿ ನೋಡಿ, ದಾರೂ ಎಂದ. ಪಾನನಿಷೇಧದ ರಾಜ್ಯ, ಹುಳಿ ವಾಸನೆಯೇ ಅವನಿಗೆ ಸಾಕ್ಷಿ. ಕಡಲೆಬೇಳೆ ಹುದುಗಿಸಿ ಬೇಯಿಸಿದ ಖಮಣ್ ದಿನಾ ತಿನ್ನುವ ಊರಿನಲ್ಲಿ ಹುದುಗಿದ ಬೇಳೆಯ ಗುರುತು ಹತ್ತದ ಮೂಗು ಎಂಥದ್ದೋ.

ಡಬ್ಬಿ ನಾನೇ ತೆರೆದೆ. ಬೆರಳದ್ದಿ ನೋಡಿ ಹಿಟ್ಟೆಂದು ಒಪ್ಪಿದ. ಆಮೇಲೆ ಡಿಕ್ಕಿಯ ಕೀಲಿ ಕೇಳಿದ. ಅನುಮಾನ ಡಬ್ಬಿಯ ಮೇಲಿತ್ತು, ತೀರಿತು. ಡಿಕ್ಕಿಯ ಮೇಲೆ ಏನು ಅನುಮಾನ ಎಂದು ಹಿಂದಿಯಲ್ಲಿ ಕೇಳಿದೆ. ಕಾರಣ ಬರೆಯಿರಿ, ಸಾಕ್ಷಿಗೆ ಇಬ್ಬರು ಪಂಚರನ್ನು ಕರೆಸಿ, ಅವರೆದುರು ತೆರೆಯುತ್ತೇನೆ ಎಂದೆ. ಸಂವಿಧಾನ ಸ್ಕೂಟರ್ ಮೇಲೆ ಕೂತವರಿಗೂ ಇದೆ ಎಂದೂ ಸೇರಿಸಿದೆ, ಚರ್ಚಾಸ್ಪರ್ಧೆಯ ಚಟ.

“ಬೆಹನ್, ಕಾಲೇಜ್ ಉಧರ್ ಹೈ,” ಎಂದು ಕಾಲೇಜಿನ ಕಡೆ ಕೈ ತೋರಿಸಿದ. “ಭಾಷಣ್ ವಹಾಂ ದೇನಾ.”

ಕೀಲಿ ಕೊಡಲಿಲ್ಲ. ಸ್ಕೂಟರನ್ನು ಠಾಣೆಗೆ ತಳ್ಳಿಸಿಕೊಂಡು ಹೋದ. ನಾನು ಮನೆಗೆ ಬಂದು ಮೇಲಧಿಕಾರಿಗೆ ಮೂರು ಪುಟದ ದೂರು ಬರೆದಿಟ್ಟೆ.

ಮರುದಿನ ಅಪ್ಪ ಸ್ಕೂಟರ್ ಮೇಲೆಯೇ ಮನೆಗೆ ಬಂದರು. ಠಾಣೆಯಲ್ಲಿ ಗುಜರಾತಿಯಲ್ಲಿ ಬರೆದ ಕಾಗದ ಮೊದಲೇ ಸಿದ್ಧವಿತ್ತಂತೆ: ನನ್ನ ಮಗಳು ಸ್ವಂತ ಇಚ್ಛೆಯಿಂದ, ಸ್ಥಳದಲ್ಲೇ ಡಿಕ್ಕಿ ತೆರೆದು ತೋರಿಸಿದಳು. ಅಪ್ಪ ಸಹಿ ಹಾಕಿದ್ದರು. ಆ ಸಹಿ ಇರುವವರೆಗೆ ನನ್ನ ದೂರು ಬರೀ ಸುಳ್ಳು.

“ಗಾಡಿ ಬಂತಲ್ಲವಾ, ಸಾಕು. ಡಿಕ್ಕ್ಯಾಗ ಇದ್ದದ್ದರ ಏನು? ಒಂದು ಹಳೇ ಅರಿವಿ,” ಎಂದರು.

ಗುಜರಾತಿ ಬರದೆ ಸಹಿ ಮಾಡಿದರೆಂದು ಅವ್ವ ಸಮಜಾಯಿಷಿ ಕೊಟ್ಟಳು. ಬ್ಯಾಂಕಿನ ಗಿರಾಕಿಗಳಿಗಾಗಿ ಅಪ್ಪ ಗುಜರಾತಿ ಓದಲು ಕಲಿತು ಎರಡು ವರ್ಷವಾಗಿತ್ತು. ಮೂರು ಪುಟಗಳನ್ನೂ ಅವರ ಮುಂದಿಟ್ಟು ಕೇಳಿದೆ:

“ಅಪ್ಪಾ, ನಾ ಒಲ್ಲೆ ಅಂದದ್ದು ಆ ಕಾಗದದಾಗ ಎಲ್ಲದ?”